ಸಹಾಯ ಬೇಕು: ಈ ಹಲಗೆ ಪೆಟ್ಟು ನಮ್ಮದಾ, ಕ್ವೀನ್ ಬ್ಯಾಂಡಿನದಾ?

ಎಲ್ಲರಿಗೂ ನಮಸ್ಕಾರ. ನಾನು ಕೊಪ್ಪಳದವನು. ಇಂಗ್ಲೆಂಡಿನ ರಾಕ್ ಬ್ಯಾಂಡ್ ಕ್ವೀನ್ ಅಂದ್ರೆ ಪ್ರಾಣ. ಕ್ರಿಕೆಟ್ ಮೈದಾನ, ಶಾಲೆ ಮಕ್ಕಳ ಚಪ್ಪಾಳೆ, ಎಲ್ಲಿ ನೋಡಿದರೂ ನನಗೆ ಅವರೇ ಕೇಳಿಸುತ್ತಾರೆ.

ಮೊನ್ನೆ ಕುಕನೂರು ಕಡೆ ಒಂದು ಜಾತ್ರೆಯ ಕಬಡ್ಡಿಯಲ್ಲಿ ಹಲಗೆಯವರು ಎರಡು ದಪ್ಪ ಪೆಟ್ಟು, ಒಂದು ಚುರುಕು ಪೆಟ್ಟು, ಆಮೇಲೆ ಸ್ವಲ್ಪ ಬಿಡುವು, ಹೀಗೇ ಬಾರಿಸುತ್ತಿದ್ದರು. ಮೈ ಜುಮ್ಮೆಂದಿತು. ಕ್ವೀನ್‌ನವರ 1977ರ ಹಾಡು ‘ವಿ ವಿಲ್ ರಾಕ್ ಯು’ ತಾಳ ಇದೇ ಅಲ್ವಾ? ಅದರಲ್ಲಿ ಡ್ರಮ್ಮೇ ಇಲ್ಲ. ಎರಡು ಸಲ ನೆಲಕ್ಕೆ ಕಾಲು ಬಡಿತ, ಒಂದು ಚಪ್ಪಾಳೆ, ಅಷ್ಟೇ. ಕೇಳುವ ಜನರೂ ಸೇರಿಕೊಳ್ಳಲಿ ಅಂತಲೇ ಗಿಟಾರ್ ವಾದಕ ಬ್ರಯಾನ್ ಮೇ ಅದನ್ನು ಹಾಗೆ ಬರೆದದ್ದು.

ಮೊಬೈಲಲ್ಲಿ ರೆಕಾರ್ಡ್ ಮಾಡಿ ಹಾಡು ಹುಡುಕುವ ಆಪ್‌ಗೆ ಕೊಟ್ಟೆ. ಗದ್ದಲದಲ್ಲಿ ಏನೂ ಸಿಗಲಿಲ್ಲ. ಹಲಗೆಯ ಹಿರಿಯರನ್ನೇ ಕೇಳಿದೆ. "ನಮ್ಮಪ್ಪನೂ ಹಿಂಗ ಬಾರಸ್ತಿದ್ದ" ಅಂದರು. ಪಕ್ಕದ ಹುಡುಗ ಮಾತ್ರ "ಟೀವಿ ಮ್ಯಾಚ್ ನೋಡಿ ಕಲಿತೀವ್ರೀ" ಅಂದ. ಇಲ್ಲೇ ಸಿಕ್ಕಿಕೊಂಡಿದ್ದೇನೆ.

ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆ ಹಲಗೆ ಬಾರಿಸುವ ಮನೆತನದವರು ಯಾರಾದ್ರೂ ಇದ್ದೀರಾ? 1977ಕ್ಕೂ ಮುಂಚೆ ನಿಮ್ಮ ಹಿರಿಯರು ಈ ಪೆಟ್ಟು ಬಾರಿಸುತ್ತಿದ್ದರಾ? ಹೌದಾದರೆ ಯಾವ ಸಂದರ್ಭದಲ್ಲಿ?