ಪದಚರ್ಚೆ: ಗಾಡಿಗೆ ಕೂರಿಸುವ ‘ಹ್ಯಾಂಡ್ಸ್‌ಫ್ರೀ’ಗೆ ಕನ್ನಡದಲ್ಲಿ ಏನೆನ್ನಬೇಕು?

ಮಾನ್ಯರೆ,

ದಾವಣಗೆರೆಯ ಹಳೇ ಪಿ.ಬಿ. ರಸ್ತೆಯಲ್ಲಿ ವಾಹನಗಳ ವೈರಿಂಗ್ ಕೆಲಸದ ಅಂಗಡಿ ಇಟ್ಟುಕೊಂಡಿರುವ ನನ್ನ ಸೋದರಳಿಯ, ಮಂಡಕ್ಕಿ, ಮೆಕ್ಕೆಜೋಳ, ಅಡಿಕೆ ಹೇರಿಕೊಂಡು ಹರಿಹರ, ಚನ್ನಗಿರಿ, ಚಿತ್ರದುರ್ಗಗಳ ಕಡೆ ಓಡಾಡುವ ಪಿಕಪ್ ಗಾಡಿಗಳ ಡ್ಯಾಶ್‌ಬೋರ್ಡಿಗೆ ಒಂದು ಚಿಕ್ಕ ಸಾಧನವನ್ನು ಕೂರಿಸಿಕೊಡುತ್ತಾನೆ. ಚಾಲಕನ ಜೇಬಿನಲ್ಲಿರುವ ಫೋನಿಗೆ ಬಂದ ಕರೆಯನ್ನು ಅದು ಬ್ಲೂಟೂತ್ ಮೂಲಕ ಪಡೆದು ಗಾಡಿಯ ಸ್ಪೀಕರಿನಲ್ಲಿ ಕೇಳಿಸುತ್ತದೆ. ಚಾಲಕನ ಮಾತನ್ನು ಮುಂಗಾಜಿನ ಪಕ್ಕದ ಕಂಬಕ್ಕೆ ಅಂಟಿಸಿದ ಪುಟ್ಟ ಮೈಕಿನಿಂದ ಹೀರಿಕೊಂಡು ಆ ಕಡೆಯವರಿಗೆ ತಲುಪಿಸುತ್ತದೆ. ಪೆಟ್ಟಿಗೆಯೊಳಗಿನ ಇಂಗ್ಲಿಷ್ ಸೂಚನಾಪತ್ರವನ್ನು ಗಾಡಿ ಮಾಲೀಕರಿಗೂ ಕೆಲಸ ಕಲಿಯುತ್ತಿರುವ ಹುಡುಗರಿಗೂ ಅರ್ಥವಾಗುವಂತೆ ಒಂದು ಹಾಳೆಯಷ್ಟು ಕನ್ನಡದಲ್ಲಿ ಬರೆದುಕೊಡಲು ಅವನು ಕೇಳಿದ, ನಾನು ಒಪ್ಪಿಕೊಂಡೆ. ಒಳಗಿನ ಮಾತುಗಳು ಹೇಗೋ ಸಾಗಿದವು. ತಲೆಬರಹದಲ್ಲಿ ಸಿಕ್ಕಿಕೊಂಡಿದ್ದೇನೆ: ‘ಹ್ಯಾಂಡ್ಸ್‌ಫ್ರೀ’ಗೆ ಏನು ಬರೆಯಬೇಕು?

ಮೊದಲು ತೋಚಿದ್ದು ಆ ಪದವನ್ನೇ ಕನ್ನಡ ಲಿಪಿಯಲ್ಲಿ ಉಳಿಸಿಬಿಡುವುದು. ಅದನ್ನು ಬೇಡವೆಂದವನು ಅಳಿಯನೇ. “ಮಾವ, ಹಂಗ್ ಬರೀಬ್ಯಾಡ್ರಿ, ಕಿವಿಗೆ ಹಾಕ್ಕಳೋ ವೈರ್ ಅನ್ಕಂತಾರೆ” ಎಂದ. ಅವನ ಮಾತು ನಿಜ. ನಮ್ಮ ಊರಿನ ಮೊಬೈಲ್ ಅಂಗಡಿಯಲ್ಲಿ ‘ಒಂದು ಹ್ಯಾಂಡ್ಸ್‌ಫ್ರೀ ಕೊಡಿ’ ಎಂದರೆ ತಂತಿಯುಳ್ಳ ಇಯರ್‌ಫೋನನ್ನು ತೆಗೆದುಕೊಡುತ್ತಾರೆಯೇ ಹೊರತು ಬೇರೇನನ್ನೂ ಅಲ್ಲ. ಹೀಗಾಗಿ ಎರವಲು ಪದವನ್ನಿಟ್ಟರೂ, ಗಾಡಿಯ ಡ್ಯಾಶ್‌ಬೋರ್ಡಿನಲ್ಲಿ ಕೂರುವ ಸಾಧನವನ್ನು ಕೊಳ್ಳಲು ಬಂದವನು ಕಿವಿಗೆ ಸಿಕ್ಕಿಸುವ ತಂತಿಯನ್ನು ನಿರೀಕ್ಷಿಸುವ ಸಂಭವವಿದೆ.

ಸುಲಭವಾಗಿ ಸಿಗುವ ಸಂಸ್ಕೃತದ ದಾರಿಯೆಂದರೆ ‘ಹಸ್ತಮುಕ್ತ’. ಇದರ ಮೇಲೆ ನನಗೆ ಎರಡು ಅನುಮಾನಗಳಿವೆ. ‘ಋಣಮುಕ್ತ’, ‘ರೋಗಮುಕ್ತ’, ಇತ್ತೀಚಿನ ‘ಪ್ಲಾಸ್ಟಿಕ್‌ಮುಕ್ತ’ ಈ ಎಲ್ಲವುಗಳಲ್ಲಿ ಮೊದಲ ಪದವು ತೊಲಗಬೇಕಾದ ಪೀಡೆಯನ್ನು ಹೇಳುತ್ತದೆ. ಅದೇ ಸಾಲಿನಲ್ಲಿ ಓದಿದರೆ ‘ಹಸ್ತಮುಕ್ತ’ ಎಂದರೆ ಕೈಗಳ ಕಾಟದಿಂದ ಪಾರಾದದ್ದು ಎಂದಾಗುತ್ತದೆ. ಪದಗಳನ್ನು ಹಿಂದುಮುಂದಾಗಿಸಿ ‘ಮುಕ್ತಹಸ್ತ’ ಎಂದರಂತೂ ಅದು ಧಾರಾಳವಾಗಿ ದಾನ ಮಾಡುವವನ ವಿಶೇಷಣವಾಗಿ ಎಂದೋ ನೆಲೆಗೊಂಡಿದೆ. ಎರಡನೆಯ ಅನುಮಾನ ಸ್ವಲ್ಪ ವಿನೋದದ್ದು. ಅಗ್ನಿಪುರಾಣದ ಧನುರ್ವೇದ ಭಾಗದಲ್ಲಿ ಆಯುಧಗಳನ್ನು ವಿಂಗಡಿಸುವಾಗ, ಬಿಲ್ಲು ಮುಂತಾದ ಯಂತ್ರದಿಂದ ಹಾರಿಸುವುದನ್ನು ‘ಯಂತ್ರಮುಕ್ತ’ವೆಂದೂ, ಕೈಯಿಂದ ಎಸೆಯುವುದನ್ನು ‘ಪಾಣಿಮುಕ್ತ’ವೆಂದೂ ಕರೆದಿದೆ. ಆ ಅರ್ಥ ಬಲ್ಲವರ ಕಣ್ಣಿಗೆ ‘ಹಸ್ತಮುಕ್ತ ದೂರವಾಣಿ’ ಎಂಬುದು ಕಿಟಕಿಯಿಂದ ಹೊರಗೆಸೆದ ಫೋನಿನಂತೆ ಕಂಡರೆ ತಪ್ಪು ಅವರದಲ್ಲ.

ಕನ್ನಡದ ‘ಕೈ’ ತಂದು ‘ಕೈಮುಕ್ತ’ ಎನ್ನಬಹುದು. ಕನ್ನಡ ಪದಕ್ಕೆ ಸಂಸ್ಕೃತ ಪದವನ್ನು ಬೆಸೆದ ಅರಿಸಮಾಸವೆಂಬ ಆಕ್ಷೇಪಣೆ ನನಗೆ ಅಷ್ಟು ದೊಡ್ಡದಲ್ಲ. ‘ಮಳೆಗಾಲ’ವನ್ನು ಒಪ್ಪಿಕೊಂಡವರು ಇದನ್ನೂ ಒಪ್ಪಬಹುದು. ಆದರೆ ‘ಮುಕ್ತ’ದ ತೊಡಕು ಇಲ್ಲಿಯೂ ಹಾಗೆಯೇ ಉಳಿಯುತ್ತದೆ. ಅಚ್ಚಗನ್ನಡಕ್ಕೆ ಹೊರಳಿದರೆ ತೊಡಕು ಇನ್ನೂ ಬಿಗಿಯಾಗುತ್ತದೆ, ಏಕೆಂದರೆ ‘ಕೈ’ಯೊಡನೆ ಕೂಡಿದ ಮಾತುಗಳಲ್ಲಿ ಹಲವನ್ನು ನಮ್ಮ ಜನ ಬಾಳಿನ ದೊಡ್ಡ ಸಂಗತಿಗಳಿಗೆ ಮೀಸಲಿಟ್ಟಿದ್ದಾರೆ. ‘ಕೈಹಿಡಿ’ ಎಂದರೆ ಮದುವೆಯಾಗು, ಆಸರೆಯಾಗು. ‘ಕೈಬಿಡು’ ಎಂದರೆ ತೊರೆ. ‘ಕೈಗೆತ್ತಿಕೊ’ ಎಂದರೆ ಕೆಲಸವನ್ನು ವಹಿಸಿಕೊ. ‘ಬರಿಗೈ’ ಎಂದರೆ ನಿರಾಶೆ. ‘ಕೈಬಿಟ್ಟ ಕರೆ’ ಎಂದು ಬರೆದರೆ ಓದಿದವರು ಯಾರಿಗಾದರೂ ಸಮಾಧಾನ ಹೇಳಲು ಹೊರಡುತ್ತಾರೆ.

ಇಷ್ಟಕ್ಕೂ ಗಾಡಿ ಓಡಿಸುವವನ ಕೈಗೆ ಬಿಡುವೆಲ್ಲಿ? ಅವನ ಕೈಗಳು ಸ್ಟೇರಿಂಗ್ ಮತ್ತು ಗೇರುಗಳ ಮೇಲಿರಬೇಕೆಂಬುದೇ ಈ ಸಾಧನದ ಉದ್ದೇಶ. ಬಿಡುಗಡೆಯಾಗಿರುವುದು ಕೈಯಿಂದ ಫೋನು. 1988ರ ಮೋಟಾರು ವಾಹನ ಕಾಯ್ದೆಯ 184ನೇ ಕಲಮಿಗೆ 2019ರಲ್ಲಿ ತಂದ ತಿದ್ದುಪಡಿಯೂ ಸಾಧನವನ್ನು ಕುರಿತೇ ಮಾತನಾಡುತ್ತದೆ: ವಾಹನ ಓಡಿಸುವಾಗ ‘ಕೈಯಲ್ಲಿ ಹಿಡಿಯುವ ಸಂವಹನ ಸಾಧನ’ವನ್ನು ಬಳಸುವುದನ್ನು ಅದು ಅಪಾಯಕಾರಿ ಚಾಲನೆಯ ವಿವರಣೆಯಲ್ಲಿ ಸೇರಿಸಿದೆ; ಮೊದಲ ಅಪರಾಧಕ್ಕೆ 1,000 ರೂಪಾಯಿಯಿಂದ 5,000 ರೂಪಾಯಿವರೆಗೆ ದಂಡ ಅಥವಾ 6 ತಿಂಗಳಿಂದ 1 ವರ್ಷದವರೆಗೆ ಸೆರೆವಾಸ, ಇಲ್ಲವೆ ಎರಡೂ ಆಗಬಹುದು. ಆದ್ದರಿಂದ ನಮಗೆ ಬೇಕಾದುದು ‘ಹಿಡಿ’ ಎಂಬ ಕ್ರಿಯೆಯ ನಿಷೇಧರೂಪ. ಕನ್ನಡಕ್ಕೆ ಅದು ಸಹಜವೂ ಹೌದು. ‘ಮುಕ್ತ’, ‘ರಹಿತ’ಗಳ ಹಂಗಿಲ್ಲದೆ ‘ಬಾಡದ ಹೂ’, ‘ಕಾಣದ ಕೈ’ ಎಂದು ಹೇಳಬಲ್ಲ ಭಾಷೆ ಇದು.

ಆದರೆ ಯಾವ ಕ್ರಿಯೆ ಎಂಬಲ್ಲಿಯೂ ಎಚ್ಚರ ಬೇಕು. ‘ಫೋನ್ ಎತ್ತದೆ ಮಾತನಾಡಿ’ ಎಂದು ಮೊದಲ ಕರಡಿನಲ್ಲಿ ಬರೆದಿದ್ದೆ. ‘ಫೋನ್ ಎತ್ತು’ ಎಂದರೆ ಕರೆಗೆ ಓಗೊಡು ಎಂದೇ ಬಳಕೆ. ‘ಎಷ್ಟು ಸಲ ಮಾಡಿದರೂ ಎತ್ತಲಿಲ್ಲ’ ಎಂದು ದಿನವೂ ದೂರುವ ನಮಗೆ, ಎತ್ತದೆ ಮಾತನಾಡುವುದು ಒಗಟಾಗುತ್ತದೆ. ಅದನ್ನು ಹೊಡೆದುಹಾಕಿ ‘ಫೋನ್ ಕೈಯಲ್ಲಿ ಹಿಡಿಯದೆ ಮಾತನಾಡುವ ಸಾಧನ’ ಎಂದು ತಿದ್ದಿದೆ. ವಾಕ್ಯದೊಳಗೆ ಇದು ಚೆನ್ನಾಗಿಯೇ ಕೂರುತ್ತದೆ. ತಲೆಬರಹಕ್ಕೆಂದು ಕತ್ತರಿಸಿ ‘ಹಿಡಿಯದ ಕರೆ’ ಎಂದಾಗ ಮತ್ತೆ ಕೆಟ್ಟಿತು. ಟವರ್ ಹಿಡಿಯದ, ನೆಟ್‌ವರ್ಕ್ ಹಿಡಿಯದ ಊರುಗಳ ನೆನಪಾಗಿ ಕರೆಯೇ ಸಿಗುತ್ತಿಲ್ಲವೆಂಬ ಅರ್ಥ ಬರುತ್ತದೆ.

ಹೀಗಿರುವಾಗ ದಾರಿ ತೋರಿಸಿದ್ದು ‘ಕೈಮಗ್ಗ’. ಹತ್ತಿಗಿರಣಿಗಳಿಂದ ಹೆಸರಾಗಿದ್ದ ಊರಿನಲ್ಲಿ ಇದು ಇಷ್ಟು ತಡವಾಗಿ ಹೊಳೆಯಬಾರದಿತ್ತು. ಕೈಯ ಕೆಲಸವನ್ನು ವಿದ್ಯುತ್ತು ವಹಿಸಿಕೊಂಡಾಗ ನಾವು ಆ ಮಗ್ಗವನ್ನು ಕೈಮುಕ್ತ ಮಗ್ಗವೆಂದು ಕರೆಯಲಿಲ್ಲ, ವಿದ್ಯುತ್ ಮಗ್ಗವೆಂದೆವು. ಕೈಪಂಪಿನ ಜಾಗಕ್ಕೆ ಬಂದದ್ದು ಮೋಟರ್ ಪಂಪು. ಕೈ ಹೋಯಿತೆಂಬುದನ್ನು ಬಿಟ್ಟು, ಕೈಯ ಜಾಗಕ್ಕೆ ಏನು ಬಂತೋ ಅದರಿಂದ ಹೆಸರಿಡುವುದು ನಮ್ಮ ವಾಡಿಕೆಯೆಂದು ತೋರುತ್ತದೆ. ಪಿಕಪ್ ಓಡಿಸುವವರನ್ನು ಕೇಳಿದರೆ ಅವರ ಮಾತೂ ಹಾಗೆಯೇ ಇದೆ. ಕ್ಯಾಬಿನ್ನಿನಲ್ಲಿ ಮಾಲಿನ ಯಜಮಾನನೂ ಕೂತಿರುವಾಗ ಮನೆಯಿಂದ ಕರೆ ಬಂದರೆ, ಚಾಲಕ ಮೊದಲು ಹೇಳುವುದು “ಗಾಡಿ ಸ್ಪೀಕರ್‌ನಾಗೆ ಐತಿ, ಹುಷಾರಾಗಿ ಮಾತಾಡು” ಎಂದು. ಕೈಯ ಪ್ರಸ್ತಾಪವೇ ಇಲ್ಲ; ಧ್ವನಿ ಎಲ್ಲಿಂದ ಬರುತ್ತಿದೆ ಎಂಬುದೇ ಅವನಿಗೆ ಮುಖ್ಯ. ಆದ್ದರಿಂದ ‘ಗಾಡಿ ಸ್ಪೀಕರ್ ಕರೆ’ ಎಂಬುದನ್ನೇ ತಲೆಬರಹವಾಗಿಸಿ, ಕೆಳಗಿನ ಸಾಲಿನಲ್ಲಿ ‘ಫೋನ್ ಕೈಯಲ್ಲಿ ಹಿಡಿಯದೆ ಮಾತನಾಡಲು’ ಎಂದು ಬಿಡಿಸಿ ಹೇಳಬಹುದೆಂದು ನನ್ನ ಸದ್ಯದ ಒಲವು.

ಇದೇ ಹಾಳೆಯ ಇನ್ನೂ ಕೆಲವು ಪದಗಳ ಬಗ್ಗೆಯೂ ಅಭಿಪ್ರಾಯ ಬೇಕಾಗಿದೆ. ‘ಜೋಡಿಸಿ’ ಎಂಬುದನ್ನು ನಾನು ಅರಿಯದೆಯೇ ಮೂರು ಬೇರೆ ಕೆಲಸಗಳಿಗೆ ಬಳಸಿಬಿಟ್ಟಿದ್ದೆ. ಅಂಗಡಿಯ ಹುಡುಗರು ಇವನ್ನು ಬೆರೆಸುವುದಿಲ್ಲ. ಡ್ಯಾಶ್‌ಬೋರ್ಡಿನ ಕಂಡಿಯಲ್ಲಿ ಸೆಟ್ಟನ್ನು ‘ಕೂರಿಸು’ತ್ತಾರೆ, ತಂತಿಯನ್ನು ‘ಕೊಡು’ತ್ತಾರೆ, ಎಂದರೆ ಹಳದಿಯನ್ನು ಸದಾ ಕರೆಂಟ್ ಇರಲೆಂದು ಬ್ಯಾಟರಿಗೆ ಕೊಡು, ಕೆಂಪನ್ನು ಚಾವಿಗೆ ಕೊಡು, ಕಪ್ಪನ್ನು ‘ಬಾಡಿ’ಗೆ, ಅಂದರೆ ಗಾಡಿಯ ತಗಡಿನ ಮೈಗೆ, ಕೊಡು ಎನ್ನುತ್ತಾರೆ. ಉಳಿದದ್ದು ಫೋನಿಗೂ ಸೆಟ್ಟಿಗೂ ಮೊದಲ ಬಾರಿ ಮಾಡಿಸುವ ‘ಪೇರಿಂಗ್’. ಇದು ಒಮ್ಮೆ ಆದರೆ ಸಾಕು. ಮುಂದೆ ಚಾವಿ ತಿರುಗಿಸಿದಾಗಲೆಲ್ಲ ಅವೆರಡೂ ತಾವಾಗಿ ಒಂದನ್ನೊಂದು ಗುರುತಿಸಿ ಸಂಪರ್ಕಕ್ಕೆ ಬರುತ್ತವೆ. ಹಾಗಾಗಿ ಮೊದಲಿನದಕ್ಕೆ ‘ಪರಿಚಯ ಮಾಡಿಸಿ’ ಎಂದೂ, ಪ್ರತಿದಿನದ್ದಕ್ಕೆ ‘ಸಂಪರ್ಕ’ ಎಂದೂ ಬರೆದಿದ್ದೇನೆ. ‘ಪರಿಚಯ’ ಅತಿಯಾಯಿತೆನ್ನುವವರು ಬದಲಿ ಸೂಚಿಸಬೇಕು.

‘ಮೈಕ್’ ಇನ್ನೊಂದು. ನಮ್ಮ ಹಳ್ಳಿಗಳಲ್ಲಿ ‘ಮೈಕ್ ಹಾಕಿಸು’ ಎಂದರೆ ಜಾತ್ರೆಗೋ ಮದುವೆಗೋ ಧ್ವನಿವರ್ಧಕ ಕಟ್ಟಿಸು ಎಂದರ್ಥ. ಮಾತನಾಡುವ ತುದಿ, ಕೂಗುವ ತುದಿ ಎರಡಕ್ಕೂ ಒಂದೇ ಪದ. ಮೈಕನ್ನು ಸ್ಪೀಕರಿನಿಂದ ದೂರ, ಚಾಲಕನ ಬಾಯಿಗೆ ಹತ್ತಿರ ಅಂಟಿಸದಿದ್ದರೆ ಆ ಕಡೆಯವರಿಗೆ ಅವರ ಮಾತೇ ಮರುದನಿಯಾಗಿ ಕೇಳಿಸುತ್ತದೆಯಾದ್ದರಿಂದ ಇಲ್ಲಿ ಗೊಂದಲ ಸಲ್ಲದು. ‘ಮಾತು ಹಿಡಿಯುವ ಮೈಕ್’ ಎಂದು ವಿಶೇಷಣ ಸೇರಿಸಿ ದಾಟಿಕೊಂಡಿದ್ದೇನೆ. ‘ಅರ್ತ್’ ಎಂಬಲ್ಲಿ ನಿಘಂಟಿನ ‘ಭೂಸಂಪರ್ಕ’ವನ್ನು ಮಾತ್ರ ಖಂಡಿತ ಬಳಸಲಾರೆ. ರಬ್ಬರ್ ಟಯರುಗಳ ಮೇಲೆ ನಿಂತ, 12 ವೋಲ್ಟ್ ಬ್ಯಾಟರಿಯ ಋಣತುದಿಯನ್ನು ತಗಡಿನ ಮೈಗೆ ಕಟ್ಟಿದ ಗಾಡಿಗೆ ಭೂಮಿಯ ಸಂಪರ್ಕವೆಲ್ಲಿಂದ ಬಂತು? ಮೆಕ್ಯಾನಿಕ್ಕರ ‘ಬಾಡಿ’ಯೇ ಹೆಚ್ಚು ನಿಖರ. ಬ್ಲೂಟೂತ್ ಹತ್ತನೆಯ ಶತಮಾನದ ಡೆನ್ಮಾರ್ಕಿನ ದೊರೆಯೊಬ್ಬನ ಅಡ್ಡಹೆಸರಾದುದರಿಂದ ಅಂಕಿತನಾಮವೆಂದು ಹಾಗೆಯೇ ಬಿಟ್ಟಿದ್ದೇನೆ. ‘ನೀಲಿಹಲ್ಲು’ ಎಂದು ಯಾರೂ ಸೂಚಿಸಬಾರದಾಗಿ ಕೋರಿಕೆ.

ತಮ್ಮ ತಮ್ಮ ಕಡೆಯ ಚಾಲಕರು ಗಾಡಿಯ ಸ್ಪೀಕರಿನಲ್ಲಿ ಮಾತನಾಡುವುದಕ್ಕೆ ಏನೆನ್ನುತ್ತಾರೆ ಎಂಬುದನ್ನು ಬಲ್ಲವರು ತಿಳಿಸಬೇಕು, ವಿಶೇಷವಾಗಿ ಹುಬ್ಬಳ್ಳಿ, ಮಂಗಳೂರು, ಕೋಲಾರಗಳ ಕಡೆಯವರು. ಸಿದ್ಧವಾದ ಮಾತೊಂದು ಎಲ್ಲಿಯಾದರೂ ಚಾಲ್ತಿಯಲ್ಲಿದ್ದರೆ ನನ್ನದನ್ನು ಸಂತೋಷದಿಂದ ಹಿಂತೆಗೆದುಕೊಳ್ಳುತ್ತೇನೆ. ತಲೆಬರಹದ ಜಾಗವನ್ನು ಸದ್ಯಕ್ಕೆ ಖಾಲಿ ಬಿಟ್ಟು, ಉಳಿದದ್ದನ್ನು ಡಿ.ಟಿ.ಪಿ.ಗೆ ಕೊಟ್ಟಿದ್ದೇನೆ.