ವರ್ಡ್ ಟೇಬಲ್‌ನಲ್ಲಿ ಒತ್ತಕ್ಷರ ಕಟ್ ಆಗುತ್ತಿದೆ, ತಲೆಸಾಲು ಮುಂದಿನ ಪುಟಕ್ಕೆ ಬರುತ್ತಿಲ್ಲ

ಪ್ರಶ್ನೆ: ನಮಸ್ಕಾರ ಸರ್. ಹಾಲಿನ ಸಂಘದ ಸದಸ್ಯರ ಪಟ್ಟಿ, ಐದು ಕಾಲಂ, ಆರು ಪುಟ. ‘ಕೃಷ್ಣಪ್ಪ’, ‘ಸಿದ್ಧಲಿಂಗಸ್ವಾಮಿ’ ಎಂದು ಟೈಪ್ ಮಾಡಿದರೆ ಕೆಳಗಿನ ಒತ್ತು ಅರ್ಧ ಮಾತ್ರ ಕಾಣುತ್ತದೆ. ‘ಕ್ರ.ಸಂ., ಹೆಸರು, ಊರು’ ಎಂಬ ತಲೆಸಾಲನ್ನು ಪ್ರತಿ ಪುಟಕ್ಕೂ ಕಾಪಿ ಮಾಡಿ ಹಾಕಿದ್ದೇನೆ. ನಡುವೆ ಒಂದು ಹೆಸರು ಸೇರಿಸಿದರೂ ಎಲ್ಲ ಕೆಳಗೆ ಜಾರುತ್ತದೆ.

ಉತ್ತರ: ಒತ್ತು ಕಟ್ ಆಗುವುದು ಫಾಂಟ್‌ನ ತಪ್ಪಲ್ಲ, ಎತ್ತರದ ಸೆಟ್ಟಿಂಗ್‌ನದು. ಇಂಗ್ಲಿಷ್‌ಗೆಂದು ಮಾಡಿದ ನಮೂನೆಯಲ್ಲೇ ಕನ್ನಡ ತುಂಬಿದಾಗ ಹೀಗಾಗುವುದು ಹೆಚ್ಚು, ಏಕೆಂದರೆ ನಮ್ಮ ಅಕ್ಷರಕ್ಕೆ ಸಾಲಿನ ಕೆಳಗೂ ಜಾಗ ಬೇಕು. ನೋಡಬೇಕಾದ್ದು ಎರಡು ಕಡೆ. ಇಡೀ ಟೇಬಲ್ ಸೆಲೆಕ್ಟ್ ಮಾಡಿ, ರೈಟ್ ಕ್ಲಿಕ್, ಟೇಬಲ್ ಪ್ರಾಪರ್ಟೀಸ್, ‘ರೋ’ ಟ್ಯಾಬ್. ಅಲ್ಲಿ ಎತ್ತರ ‘ಎಕ್ಸಾಕ್ಟ್ಲಿ’ ಎಂದಿದ್ದರೆ ‘ಆ್ಯಟ್ ಲೀಸ್ಟ್’ ಮಾಡಿ. ಆಗ ಅಕ್ಷರಕ್ಕೆ ಬೇಕಾದಷ್ಟು ಸಾಲು ತಾನೇ ಎತ್ತರವಾಗುತ್ತದೆ. ಅಷ್ಟಕ್ಕೂ ಸರಿಹೋಗದಿದ್ದರೆ ಪ್ಯಾರಾಗ್ರಾಫ್ ಸೆಟ್ಟಿಂಗ್‌ನ ಲೈನ್ ಸ್ಪೇಸಿಂಗ್‌ನಲ್ಲೂ ‘ಎಕ್ಸಾಕ್ಟ್ಲಿ’ ಕೂತಿರುತ್ತದೆ. ಟೇಬಲ್ ಸೆಲೆಕ್ಟ್ ಆಗಿರುವಾಗಲೇ ಕಂಟ್ರೋಲ್ + 1 ಒತ್ತಿ, ಸಿಂಗಲ್ ಆಗುತ್ತದೆ. ಹೆಚ್ಚಿನವರು ಮೊದಲನೆಯದನ್ನು ಮಾತ್ರ ಸರಿಪಡಿಸಿ, ಆಗಲಿಲ್ಲವೆಂದು ಅಕ್ಷರದ ಗಾತ್ರ ಇಳಿಸುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ, ವಯಸ್ಸಾದ ಸದಸ್ಯರೂ ಆ ಪಟ್ಟಿ ಓದಬೇಕು.

ತಲೆಸಾಲಿಗೆ: ಕಾಪಿ ಮಾಡಿದ್ದನ್ನೆಲ್ಲ ಅಳಿಸಿ. ಮೊದಲ ಸಾಲಿನಲ್ಲಿ ಕರ್ಸರ್ ಇಟ್ಟು, ಟೇಬಲ್ ಡಿಸೈನ್ ಪಕ್ಕದ ಲೇಔಟ್ ಟ್ಯಾಬ್‌ನಲ್ಲಿ ‘ರಿಪೀಟ್ ಹೆಡರ್ ರೋಸ್’ ಒತ್ತಿ. ಬದಲಾವಣೆ ಬೇಕಿದ್ದರೆ ಮೊದಲ ಪುಟದಲ್ಲೇ ಮಾಡಬೇಕು, ಉಳಿದವು ತಾವಾಗಿ ಬದಲಾಗುತ್ತವೆ.

ಪ್ರಶ್ನೆ: ಒತ್ತು ಸರಿಯಾಯಿತು ಸರ್, ತುಂಬಾ ಧನ್ಯವಾದ. ತಲೆಸಾಲು ಎರಡನೇ ಪುಟಕ್ಕೆ ಬಂತು, ಮೂರನೆಯದರಿಂದ ಇಲ್ಲ.

ಉತ್ತರ: ಎರಡನೇ ಪುಟದ ಕೊನೆಯಲ್ಲಿ ಕಂಟ್ರೋಲ್ + ಎಂಟರ್ ಒತ್ತಿ ಪುಟ ಮುರಿದಿದ್ದೀರಿ ಅನಿಸುತ್ತದೆ. ಅದರಿಂದ ಟೇಬಲ್ಲೇ ಎರಡಾಗುತ್ತದೆ, ಎರಡನೆಯದಕ್ಕೆ ಮೊದಲನೆಯದರ ತಲೆಸಾಲು ಹೋಗುವುದಿಲ್ಲ. ಕಂಟ್ರೋಲ್ + ಶಿಫ್ಟ್ + 8 ಒತ್ತಿದರೆ ಮರೆಯಾಗಿರುವ ಗುರುತುಗಳು ಕಾಣುತ್ತವೆ. ಎರಡು ಟೇಬಲ್ ನಡುವಿನ ಪೇಜ್ ಬ್ರೇಕನ್ನೂ ಖಾಲಿ ಪ್ಯಾರಾವನ್ನೂ ಅಳಿಸಿದರೆ ಕೂಡಿಕೊಳ್ಳುತ್ತವೆ. ಒಬ್ಬರ ವಿವರ ಅರ್ಧ ಈ ಪುಟ, ಅರ್ಧ ಆ ಪುಟ ಆಗಬಾರದೆಂದಿದ್ದರೆ ‘ರೋ’ ಟ್ಯಾಬ್‌ನಲ್ಲಿ ‘ಅಲೋ ರೋ ಟು ಬ್ರೇಕ್ ಅಕ್ರಾಸ್ ಪೇಜಸ್’ ಟಿಕ್ ತೆಗೆಯಿರಿ.

ಮತ್ತೊಬ್ಬರ ಪ್ರಶ್ನೆ: ಸರ್, ಷೇರು ಹಣದ ಕಾಲಂ ಕೆಳಗೆ, ಮೇಲಿನ ಅಂಕಿಗಳನ್ನು ಕೂಡುವ =SUM(ABOVE) ಸೂತ್ರ ಹಾಕಿದೆ. ಮೊತ್ತ ಕಡಿಮೆ ಬರುತ್ತಿದೆ.

ಉತ್ತರ: ನಡುವೆ ಖಾಲಿ ಮನೆ ಇದೆಯೇ ನೋಡಿ. ಅಲ್ಲಿಗೇ ಕೂಡುವುದು ನಿಲ್ಲಬಹುದು, ಅದಕ್ಕೇ ಖಾಲಿ ಬಿಡದೆ 0 ಹಾಕಿ. ತಲೆಸಾಲಿನಲ್ಲಿ ಬರೀ 2024 ಎಂದಿದ್ದರೆ ಆ ಸಂಖ್ಯೆಯೂ ಮೊತ್ತಕ್ಕೆ ಸೇರಿಬಿಡುತ್ತದೆ. ಇನ್ನೊಂದು ಮುಖ್ಯ ವಿಷಯ, ಎಕ್ಸೆಲ್‌ನಂತೆ ಇಲ್ಲಿ ಲೆಕ್ಕ ತಾನಾಗಿ ಬದಲಾಗುವುದಿಲ್ಲ. ಒಂದು ಅಂಕಿ ತಿದ್ದಿದರೂ ಮೊತ್ತದ ಮೇಲೆ ಕರ್ಸರ್ ಇಟ್ಟು ಎಫ್9 ಒತ್ತಲೇಬೇಕು. ಹಣದ ಪಟ್ಟಿಯನ್ನು ಎಕ್ಸೆಲ್‌ನಲ್ಲಿ ಮಾಡುವುದೇ ಮೇಲು. ವರ್ಡ್‌ನಲ್ಲೇ ಬೇಕೆಂದರೆ ಪ್ರಿಂಟ್ ಕೊಡುವ ಮೊದಲು ಕಂಟ್ರೋಲ್ + ಎ, ಆಮೇಲೆ ಎಫ್9.