ಸಹಾಯ ಬೇಕು: ಎಕ್ಸ್‌ಎಂಎಂ-ನ್ಯೂಟನ್ ಆರ್ಕೈವ್ ಡೇಟಾ, ಮ್ಯಾಡ್ರಿಡ್ ಸಂಶೋಧನಾ ಭೇಟಿಯ ಅರ್ಜಿ

ಗೆಳೆಯರೇ, ಮ್ಯಾಡ್ರಿಡ್ ಪಕ್ಕದ ಈಸಾಕ್‌ಗೆ, ಅಂದರೆ ಯುರೋಪಿಯನ್ ಬಾಹ್ಯಾಕಾಶ ಸಂಸ್ಥೆಯ ಖಗೋಳ ಕೇಂದ್ರಕ್ಕೆ, ಸಂದರ್ಶಕ ಸಂಶೋಧಕರಾಗಿ ಹೋಗಿಬಂದವರು ಇಲ್ಲಿ ಯಾರಾದರೂ ಇದ್ದೀರಾ? ಆ ಸಂಸ್ಥೆಯ ಹಳೆಯ ಡೇಟಾ ಮೇಲೆ ಅಲ್ಲೇ ಕೂತು ಒಂದರಿಂದ ಮೂರು ತಿಂಗಳು ಕೆಲಸ ಮಾಡುವ ಯೋಜನೆಗೆ ಬೆಂಗಳೂರಿನಿಂದ ಅರ್ಜಿ ಹಾಕುತ್ತಿದ್ದೇವೆ. ಸದಸ್ಯ ದೇಶಗಳ ಹೊರಗಿನವರಿಗೆ ಅವಕಾಶ ಸೀಮಿತ. ಡೇಟಾ ಇಲ್ಲಿಂದಲೇ ಇಳಿಸಿಕೊಳ್ಳಬಹುದಲ್ಲ, ಅಲ್ಲಿಗೇ ಯಾಕೆ ಹೋಗಬೇಕು ಎನ್ನುವುದಕ್ಕೆ ಉತ್ತರ ಗಟ್ಟಿಯಾಗಿರಲೇಬೇಕು.

ಒಂದೇ ಕಪ್ಪುಕುಳಿಯನ್ನು ಭಾರತದ ಆಸ್ಟ್ರೋಸ್ಯಾಟ್ ಮತ್ತು ಯುರೋಪಿನ ಎಕ್ಸ್‌ಎಂಎಂ-ನ್ಯೂಟನ್ ಎಂಬ ಎಕ್ಸ್-ಕಿರಣ ದೂರದರ್ಶಕ ಉಪಗ್ರಹಗಳು ನೋಡಿದ್ದನ್ನು ಹೋಲಿಸುವುದು ನಮ್ಮ ಕೆಲಸ. ಎಕ್ಸ್‌ಎಂಎಂನ ಕಚ್ಚಾ ಕಡತಕ್ಕೆ ಮೊದಲು ಸಿಐಎಫ್‌ಬಿಲ್ಡ್ (ಬೇಕಾದ ಮಾಪನಾಂಕ ಕಡತಗಳ ಪಟ್ಟಿ ಮಾಡುವ ತಂತ್ರಾಂಶ), ಆಮೇಲೆ ಇಪಿಪ್ರಾಕ್ (ಕಚ್ಚಾ ಡೇಟಾವನ್ನು ಫೋಟಾನುಗಳ ಪಟ್ಟಿಯಾಗಿಸುವ ತಂತ್ರಾಂಶ) ಓಡಿಸುತ್ತೇವೆ. ಅದರ ಪಿಎನ್ ಎಂಬ ಕ್ಯಾಮೆರಾದಲ್ಲಿ 10–12 ಕೆಇವಿ (ಎಕ್ಸ್-ಕಿರಣದ ಶಕ್ತಿಯ ಅಳತೆ) ನಡುವಿನ ಎಣಿಕೆ ಸೆಕೆಂಡಿಗೆ 0.4 ದಾಟಿದ ಹೊತ್ತನ್ನು ಬಾಹ್ಯಾಕಾಶದ ಪ್ರೋಟಾನುಗಳು ಬಡಿದ ಗದ್ದಲವೆಂದು ಕತ್ತರಿಸುವುದು ರೂಢಿ. ಆದರೆ ನೋಡುತ್ತಿರುವ ಮೂಲ (ಇಲ್ಲಿ ಕಪ್ಪುಕುಳಿ) ತುಂಬಾ ಪ್ರಖರವಾಗಿದ್ದರೆ ಅದರ ಫೋಟಾನುಗಳೇ ಆ ಮಿತಿ ದಾಟುತ್ತವೆ, ಒಳ್ಳೆಯ ಡೇಟಾವೇ ಹೋಗಿಬಿಡುತ್ತದೆ. ಟೈಮಿಂಗ್ ಮೋಡ್‌ನಲ್ಲಿ (ಚಿತ್ರದ ವಿವರ ಬಿಟ್ಟು ಸಮಯವನ್ನು ಸೂಕ್ಷ್ಮವಾಗಿ ಅಳೆಯುವ ಬಗೆ) ಇದು ಇನ್ನೂ ಕಷ್ಟ. ಮಿತಿಯನ್ನು ಎಲ್ಲಿಡಬೇಕೆಂದು ಉಪಕರಣ ಬಲ್ಲವರ ಪಕ್ಕ ಕೂತೇ ನಿರ್ಧರಿಸಬೇಕು. ಅರ್ಜಿಯಲ್ಲಿ ಇದನ್ನೇ ಮುಖ್ಯ ಕಾರಣ ಮಾಡಿದ್ದೇವೆ. ಸಾಕೇ?

ಇನ್ನೊಂದು, ವೀಸಾ. ಜುಲೈ, ಆಗಸ್ಟ್, ಸೆಪ್ಟೆಂಬರ್ ಸೇರಿದರೆ 92 ದಿನ. ಷೆಂಗೆನ್ ಅಲ್ಪಾವಧಿ ವೀಸಾ ಕೊಡುವುದು 90 ಮಾತ್ರ. ದಿನ ಕಡಿಮೆ ಮಾಡಿದಿರಾ, ದೀರ್ಘಾವಧಿ ವೀಸಾ ಮಾಡಿಸಿದಿರಾ? ಆಹ್ವಾನ ಪತ್ರದಲ್ಲಿ ಏನೇನು ಬರೆಸಿಕೊಳ್ಳಬೇಕು?

ಎರಡು ಪುಟದ ಕರಡು ಓದಿ ತಪ್ಪು ತೋರಿಸುವವರಿದ್ದರೆ ದಯವಿಟ್ಟು ಇಲ್ಲೇ ತಿಳಿಸಿ, ಕಳಿಸುತ್ತೇವೆ.